ಕಡಲಾಳದ ಸೂಕ್ಷ್ಮಜೀವಿಗಳು ನಿಜಕ್ಕೂ ಸೂರ್ಯನ ಹಂಗಿಲ್ಲದೆ ಬದುಕುತ್ತವೆಯೇ? ಹಾಗಿದ್ದರೆ ಯುರೋಪಾ, ಎನ್ಸೆಲಾಡಸ್‌ಗಳಲ್ಲಿ ಜೀವ ಇರಲೇಬೇಕೇ?

ವಿಜ್ಞಾನ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಆಹಾರ ಸರಪಳಿಯ ಪಾಠ ಮುಗಿಸುವಾಗ, ಭೂಮಿಯ ಮೇಲಿನ ಎಲ್ಲ ಜೀವಿಗಳೂ ಕೊನೆಗೆ ಸೂರ್ಯನ ಬೆಳಕನ್ನೇ ನೆಚ್ಚಿಕೊಂಡಿವೆ ಎಂಬ ಮಾತಿಗೆ ಒಂದು ದೊಡ್ಡ ಅಪವಾದವಿದೆ ಎಂದು ಹೇಳಿ, 1977ರಲ್ಲಿ ಆಲ್ವಿನ್ ಎಂಬ ಸಂಶೋಧನಾ ಜಲಾಂತರ್ಗಾಮಿಯು ಗ್ಯಾಲಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಕಂಡ ಬಿಸಿನೀರಿನ ಬುಗ್ಗೆಗಳ ವಿಷಯವನ್ನು ವಿವರಿಸಿದೆ. ಬೆಳಕು ಎಂದೂ ತಲುಪದ ಆ ಜಾಗದಲ್ಲಿ ಬಾಯಿಯಾಗಲಿ ಕರುಳಾಗಲಿ ಇಲ್ಲದ, ಎರಡು ಮೀಟರ್ ಉದ್ದಕ್ಕೆ ಬೆಳೆಯುವ ಕೊಳವೆ ಹುಳುಗಳಿವೆ. ಅವುಗಳ ಒಡಲೊಳಗೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಶಕ್ತಿ ಪಡೆದು ಹುಳುವಿಗೆ ಆಹಾರ ತಯಾರಿಸಿಕೊಡುತ್ತವೆ. ಆದ್ದರಿಂದ ಇದು ಸೂರ್ಯನ ಹಂಗೇ ಇಲ್ಲದ ಲೋಕ ಎಂದೆ.

ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಹೈಡ್ರೋಜನ್ ಸಲ್ಫೈಡನ್ನು ಬ್ಯಾಕ್ಟೀರಿಯಾಗಳು ಯಾವುದರ ಜೊತೆ ಸೇರಿಸಿ ಶಕ್ತಿ ಪಡೆಯುತ್ತವೆ ಎಂದು ಕೇಳಿದಳು. ಆಮ್ಲಜನಕದ ಜೊತೆ ಎಂದೆ. ಹಾಗಾದರೆ ಗಿಡವೂ ಬೆಳಕೂ ಇಲ್ಲದ ಕಡೆ ಆ ಆಮ್ಲಜನಕ ಎಲ್ಲಿಂದ ಬಂತು ಎಂದು ಅವಳು ಮರುಪ್ರಶ್ನೆ ಹಾಕಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಳಿಂದ ಇದೇ ಪಾಠವನ್ನು ಇದೇ ರೀತಿ ಹೇಳಿಕೊಂಡು ಬಂದಿರುವ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದು ಮನಸ್ಸನ್ನು ಕೊರೆಯುತ್ತಿದೆ.

ಪಾಠದ ಕೊನೆಯಲ್ಲಿ ನಾನು ಇನ್ನೊಂದು ಮಾತನ್ನೂ ಹೇಳಿದ್ದೆ. ಗುರುಗ್ರಹದ ಉಪಗ್ರಹ ಯುರೋಪಾ ಮತ್ತು ಶನಿಯ ಉಪಗ್ರಹ ಎನ್ಸೆಲಾಡಸ್‌ಗಳ ಮಂಜುಗಡ್ಡೆಯ ಕೆಳಗೆ ಸಾಗರಗಳಿರುವುದರಿಂದ, ನಮ್ಮ ಕಡಲಾಳದಂತೆಯೇ ಅಲ್ಲಿಯೂ ಜೀವವಿರುವ ಸಾಧ್ಯತೆ ಬಹಳ ಹೆಚ್ಚು ಎಂದಿದ್ದೆ. ಮೊದಲ ಮಾತೇ ಅರೆಸತ್ಯವಾಗಿದ್ದರೆ ಎರಡನೆಯದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ? ಮುಂದಿನ ವಾರ ಮಕ್ಕಳ ಮುಂದೆ ತಿದ್ದಿ ಹೇಳಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

---

ಕಡಲಾಳ

ಮೇಡಂ, ನಿಮ್ಮ ವಿದ್ಯಾರ್ಥಿನಿ ವಿಷಯದ ಮರ್ಮಕ್ಕೇ ಕೈ ಹಾಕಿದ್ದಾಳೆ. ಕಡಲತಳದ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಕೆಲವು ವರ್ಷ ಕೆಲಸ ಮಾಡಿದ ನಾನು ಈ ತಪ್ಪು ಗ್ರಹಿಕೆಯನ್ನು ವಿದ್ವಾಂಸರ ಭಾಷಣಗಳಲ್ಲಿಯೂ ಕೇಳಿದ್ದೇನೆ, ಆದ್ದರಿಂದ ನೀವು ನೊಂದುಕೊಳ್ಳಬೇಕಾಗಿಲ್ಲ.

ಕೊಳವೆ ಹುಳುವಿನ ಬ್ಯಾಕ್ಟೀರಿಯಾಗಳು ಬಳಸುವ ಆಮ್ಲಜನಕ ಸಮುದ್ರದ ಮೇಲ್ಮೈಯಿಂದ ಬಂದದ್ದು. ಮೇಲ್ಪದರದ ತೇಲುಸಸ್ಯಗಳು ಮತ್ತು ನೆಲದ ಮೇಲಿನ ಗಿಡಮರಗಳು ಬೆಳಕಿನಿಂದ ಉತ್ಪಾದಿಸಿದ ಆಮ್ಲಜನಕ ನೀರಿನಲ್ಲಿ ಕರಗುತ್ತದೆ. ಗ್ರೀನ್‌ಲ್ಯಾಂಡಿನ ಆಸುಪಾಸಿನಲ್ಲಿ ಮತ್ತು ಅಂಟಾರ್ಕ್ಟಿಕಾದ ಅಂಚಿನಲ್ಲಿ ತಣ್ಣಗಾಗಿ, ಉಪ್ಪಿನಂಶ ಹೆಚ್ಚಿ, ಭಾರವಾದ ನೀರು ಕೆಳಕ್ಕಿಳಿದು ಸಾಗರತಳದುದ್ದಕ್ಕೂ ನಿಧಾನವಾಗಿ ಹರಿಯುತ್ತದೆ. ಈ ಪ್ರಯಾಣಕ್ಕೆ ನೂರಾರು ವರ್ಷಗಳು ಹಿಡಿಯುತ್ತವೆ. ಹಾಗಾಗಿ ಇಂದು ಆಳದಲ್ಲಿರುವ ಒಂದು ಹುಳು ತನ್ನ ಕೆಂಪು ಗರಿಯಂಥ ಅಂಗದಿಂದ ಹೀರಿಕೊಳ್ಳುವ ಆಮ್ಲಜನಕ, ಹಲವು ಶತಮಾನಗಳ ಹಿಂದೆ ಎಲ್ಲೋ ಬಿದ್ದ ಬಿಸಿಲಿನ ಫಲ. ಆ ಗರಿ ಕೆಂಪಾಗಿರಲು ಕಾರಣವೂ ಹಿಮೋಗ್ಲೋಬಿನ್. ಆಮ್ಲಜನಕವನ್ನೂ ಸಲ್ಫೈಡನ್ನೂ ಒಟ್ಟಿಗೇ ಹೊತ್ತು ಒಳಗಿನ ಬ್ಯಾಕ್ಟೀರಿಯಾಗಳಿಗೆ ತಲುಪಿಸುವಂತೆ ಅದು ಮಾರ್ಪಟ್ಟಿದೆ. ಭೂಮಿಯ ವಾತಾವರಣದಲ್ಲಿ ಗಣನೀಯ ಪ್ರಮಾಣದ ಆಮ್ಲಜನಕ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕಿಂತ ಮೊದಲು ಬಿಸಿನೀರಿನ ಬುಗ್ಗೆಗಳಿದ್ದವು, ಸಲ್ಫೈಡೂ ಇತ್ತು, ಆದರೆ ಇಂಥ ಹುಳು ಇರುವುದು ಸಾಧ್ಯವಿರಲಿಲ್ಲ.

ಹಾಗೆಂದು ನಿಮ್ಮ ಮೂಲ ಮಾತನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಉದಾಹರಣೆಯನ್ನು ಬದಲಾಯಿಸಿದರೆ ಸಾಕು. ಅದೇ ಬುಗ್ಗೆಗಳ ಇನ್ನೂ ಬಿಸಿಯಾದ, ಆಮ್ಲಜನಕವೇ ಇಲ್ಲದ ಸಂದುಗಳಲ್ಲಿ ಮೀಥೇನ್ ಉತ್ಪಾದಿಸುವ ಆರ್ಕಿಯಾಗಳಿವೆ (ಇವು ಬ್ಯಾಕ್ಟೀರಿಯಾಗಳಂತೆ ಏಕಕೋಶ ಸೂಕ್ಷ್ಮಜೀವಿಗಳೇ, ಆದರೆ ಬೇರೆಯೇ ಗುಂಪಿನವು). ಅವುಗಳಿಗೆ ಬೇಕಾದದ್ದು ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್, ಎರಡೇ. ನಾಲ್ಕು ಹೈಡ್ರೋಜನ್ ಅಣುಗಳನ್ನು ಒಂದು ಇಂಗಾಲದ ಡೈಆಕ್ಸೈಡ್ ಅಣುವಿನೊಂದಿಗೆ ಸೇರಿಸಿ, ಒಂದು ಮೀಥೇನ್ ಮತ್ತು ಎರಡು ನೀರಿನ ಅಣುಗಳನ್ನಾಗಿ ಮಾಡಿ, ನಡುವೆ ದೊರೆಯುವ ಅಲ್ಪ ಶಕ್ತಿಯಲ್ಲಿ ಅವು ಬಾಳುತ್ತವೆ. ಹಿಂದೂ ಮಹಾಸಾಗರದ ಕೈರೇ ಎಂಬ ಬುಗ್ಗೆ ಪ್ರದೇಶದಿಂದ ತಂದ ಮೆಥನೋಪೈರಸ್ ಕ್ಯಾಂಡ್ಲೆರಿ ಎಂಬ ಆರ್ಕಿಯಾದ ಒಂದು ತಳಿಯು ಅಧಿಕ ಒತ್ತಡದಲ್ಲಿ 122 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೃದ್ಧಿಯಾಗುವುದನ್ನು 2008ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಜೀವ ಬೆಳೆಯಬಲ್ಲ ಅತಿ ಹೆಚ್ಚಿನ ಉಷ್ಣತೆಯ ದಾಖಲೆ ಅದು.

ಈ ಹೈಡ್ರೋಜನ್ ಬರುವುದಾದರೂ ಎಲ್ಲಿಂದ ಎಂದು ಆಕೆ ಮತ್ತೆ ಕೇಳಿಯಾಳು. ಆಲಿವಿನ್ ಎಂಬ ಕಬ್ಬಿಣದ ಅಂಶವಿರುವ ಖನಿಜವು ನೀರಿನೊಂದಿಗೆ ವರ್ತಿಸಿ ಸರ್ಪೆಂಟೈನ್ ಆಗಿ ಬದಲಾಗುವಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಕಲ್ಲು ಮತ್ತು ನೀರು ಕೂಡಿದರೆ ಸಾಕು, ಜ್ವಾಲಾಮುಖಿಯೂ ಬೇಕಿಲ್ಲ. 2000ದ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಪತ್ತೆಯಾದ ‘ಲಾಸ್ಟ್ ಸಿಟಿ’ ಇದಕ್ಕೆ ಅತ್ಯುತ್ತಮ ನಿದರ್ಶನ. ಅಲ್ಲಿನ ಬುಗ್ಗೆಗಳು ಕರಿಹೊಗೆಯುಗುಳುವ ಚಿಮಣಿಗಳಲ್ಲ. 60 ಮೀಟರ್ ಎತ್ತರದವರೆಗೂ ಬೆಳೆದಿರುವ, ಸುಣ್ಣದ ಜಾತಿಯ ಬಿಳಿಯ ಗೋಪುರಗಳು. ನೀರು 40ರಿಂದ 90 ಡಿಗ್ರಿಯಷ್ಟೇ ಬಿಸಿ, ಬಹಳ ಕ್ಷಾರೀಯ, ಹೈಡ್ರೋಜನ್ ಮತ್ತು ಮೀಥೇನ್‌ಗಳಿಂದ ತುಂಬಿದ್ದು.

ಕಡಲಿನಿಂದ ಆಚೆಗೆ ಒಂದು ಉದಾಹರಣೆಯನ್ನೂ ಕೊಡುತ್ತೇನೆ, ಏಕೆಂದರೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ನನಗೆ ತಿಳಿದಿಲ್ಲ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿಯಲ್ಲಿ 2.8 ಕಿಲೋಮೀಟರ್ ಆಳದ ಬಂಡೆಯ ಬಿರುಕಿನ ನೀರಿನಲ್ಲಿ ಡೀಸಲ್ಫೊರೂಡಿಸ್ ಆಡಾಕ್ಸ್‌ವಿಯೇಟರ್ ಎಂಬ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಏಕಾಂಗಿಯಾಗಿ ವಾಸಿಸುತ್ತಿದೆ. 2008ರಲ್ಲಿ ಅದರ ಜೀನೋಮ್, ಅಂದರೆ ವಂಶವಾಹಿಗಳ ಪೂರ್ಣ ವಿವರ, ಪ್ರಕಟವಾಯಿತು. ಬಂಡೆಯಲ್ಲಿರುವ ಯುರೇನಿಯಂನ ವಿಕಿರಣವು ನೀರನ್ನು ಒಡೆದಾಗ ಹುಟ್ಟುವ ಹೈಡ್ರೋಜನ್ ಅದರ ಆಹಾರ. ಆಮ್ಲಜನಕ ಅದಕ್ಕೆ ಬೇಡವಷ್ಟೇ ಅಲ್ಲ, ವಿಷವೂ ಹೌದು. ಸಾರಜನಕವನ್ನು ಸ್ಥಿರೀಕರಿಸುವ, ತನಗೆ ಬೇಕಾದ ಅಮೈನೋ ಆಮ್ಲಗಳನ್ನೆಲ್ಲ ತಾನೇ ತಯಾರಿಸಿಕೊಳ್ಳುವ ವಂಶವಾಹಿಗಳು ಅದರಲ್ಲಿವೆ. ಸೂರ್ಯನ ಹಂಗಿಲ್ಲ ಎಂಬ ಮಾತು ಯಾರಿಗಾದರೂ ಸಲ್ಲುವುದಾದರೆ ಅದು ಇದಕ್ಕೆ.

ಒಂದು ಎಚ್ಚರಿಕೆ. ಪೆಸಿಫಿಕ್ ಸಾಗರದ ತಳದಲ್ಲಿ 4,000 ಮೀಟರಿಗಿಂತ ಆಳದಲ್ಲಿರುವ ಲೋಹದ ಗಂಟುಗಳು ಕತ್ತಲೆಯಲ್ಲಿಯೇ ಆಮ್ಲಜನಕ ಉತ್ಪಾದಿಸುತ್ತವೆ ಎಂಬ ವರದಿ 2024ರಲ್ಲಿ ಬಂದು ಪತ್ರಿಕೆಗಳಲ್ಲಿ ಬಹಳ ಸುದ್ದಿಯಾಯಿತು. ಆ ಅಳತೆಗಳ ಬಗ್ಗೆ ಗಂಭೀರ ಆಕ್ಷೇಪಗಳಿವೆ. ವಿಷಯ ಇತ್ಯರ್ಥವಾಗುವವರೆಗೆ ಅದನ್ನು ಪಾಠದಲ್ಲಿ ಸೇರಿಸದಿರುವುದೇ ಲೇಸು.

---

ಗ್ರಹವೀಕ್ಷಕ

ಕಡಲಾಳ ಅವರು ಹೇಳಿದ ವ್ಯತ್ಯಾಸ ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾಗಿ ಅನ್ವಯಿಸುತ್ತದೆ. ಗುರು, ಶನಿಗಳ ಈ ಚಂದ್ರರಲ್ಲಿ ಜೀವವಿದ್ದರೆ ಅದು ಕೊಳವೆ ಹುಳುವಿನ ಬಳಗಕ್ಕಿಂತ ಮೀಥೇನ್ ಉತ್ಪಾದಕ ಆರ್ಕಿಯಾಗಳ ಬಗೆಯದಾಗಿರುವುದೇ ಹೆಚ್ಚು ಸಂಭಾವ್ಯ. ಮಕ್ಕಳ ಪುಸ್ತಕಗಳಲ್ಲಿ ಯುರೋಪಾದ ಸಾಗರತಳದಲ್ಲಿ ಹುಳುಗಳೂ ಏಡಿಗಳೂ ಓಡಾಡುವ ಚಿತ್ರ ಬಿಡಿಸಿರುವುದನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ, ಏಕೆಂದರೆ ಆ ಚಿತ್ರದ ಹಿಂದೆ ಹೇಳದೆ ಬಿಟ್ಟ ಆಮ್ಲಜನಕವಿದೆ.

ಎನ್ಸೆಲಾಡಸ್‌ನಿಂದ ಆರಂಭಿಸುತ್ತೇನೆ. ಅಡ್ಡಳತೆ ಸುಮಾರು 500 ಕಿಲೋಮೀಟರ್ ಮಾತ್ರವಿರುವ ಈ ಪುಟ್ಟ ಚಂದ್ರನ ದಕ್ಷಿಣ ಧ್ರುವದ ನಾಲ್ಕು ಉದ್ದನೆಯ ಬಿರುಕುಗಳಿಂದ ನೀರಾವಿ ಮತ್ತು ಹಿಮದ ಕಣಗಳು ಅಂತರಿಕ್ಷಕ್ಕೆ ಚಿಮ್ಮುತ್ತಿರುವುದನ್ನು ಕ್ಯಾಸಿನಿ ವ್ಯೋಮನೌಕೆ 2005ರಲ್ಲಿ ಪತ್ತೆಮಾಡಿತು. ಕೊರೆಯುವ ಕಷ್ಟವಿಲ್ಲದೆ ಸಾಗರವೇ ತನ್ನ ಮಾದರಿಯನ್ನು ಹೊರಗೆ ಎಸೆಯುತ್ತಿದೆ ಎಂಬುದು ಎಂಥ ಅದೃಷ್ಟ! 2015ರಲ್ಲಿ ಕ್ಯಾಸಿನಿ ಮೇಲ್ಮೈಯಿಂದ 49 ಕಿಲೋಮೀಟರ್ ಎತ್ತರದಲ್ಲಿ ಈ ಚಿಲುಮೆಯ ನಡುವೆಯೇ ಹಾದುಹೋಯಿತು. ಆ ಅಳತೆಗಳ ಫಲಿತಾಂಶ 2017ರಲ್ಲಿ ಪ್ರಕಟವಾದಾಗ ಚಿಲುಮೆಯಲ್ಲಿ ಶೇ 0.4ರಿಂದ 1.4ರಷ್ಟು ಹೈಡ್ರೋಜನ್, ಶೇ 0.3ರಿಂದ 0.8ರಷ್ಟು ಇಂಗಾಲದ ಡೈಆಕ್ಸೈಡ್, ಶೇ 0.1ರಿಂದ 0.3ರಷ್ಟು ಮೀಥೇನ್ ಇರುವುದು ತಿಳಿಯಿತು. ಅದಕ್ಕೂ ಮೊದಲು, 2015ರಲ್ಲಿ, ಚಿಲುಮೆಯಿಂದ ಬಂದ ಅತಿ ಸೂಕ್ಷ್ಮ ಸಿಲಿಕಾ ಕಣಗಳ ಗಾತ್ರವನ್ನು ನೋಡಿ, ಸಾಗರತಳದಲ್ಲಿ ನೀರು ಕನಿಷ್ಠ 90 ಡಿಗ್ರಿಯಷ್ಟು ಬಿಸಿಯಾದ ಬಂಡೆಯ ಸಂಪರ್ಕದಲ್ಲಿರಬೇಕೆಂದು ತರ್ಕಿಸಲಾಗಿತ್ತು. 2023ರಲ್ಲಿ ಹಿಮಕಣಗಳಲ್ಲಿ ಫಾಸ್ಫೇಟ್ ಕೂಡ ಸಿಕ್ಕಿತು. ಅಲ್ಲಿನ ಸಾಗರದಲ್ಲಿ ಅದರ ಪ್ರಮಾಣ ನಮ್ಮ ಸಾಗರಗಳಲ್ಲಿರುವುದಕ್ಕಿಂತ ಕನಿಷ್ಠ ನೂರು ಪಟ್ಟು ಹೆಚ್ಚು ಎಂದು ಅಂದಾಜಿಸಲಾಗಿದೆ. ಅಂದರೆ ಲಾಸ್ಟ್ ಸಿಟಿಯನ್ನು ಹೋಲುವ ರಸಾಯನ ಅಲ್ಲಿ ನಡೆಯುತ್ತಿರುವ ಲಕ್ಷಣಗಳಿವೆ.

ಒತ್ತಡದ ಬಗ್ಗೆ ಮಕ್ಕಳು ಕೇಳುವುದು ಖಂಡಿತ. ಎನ್ಸೆಲಾಡಸ್‌ನ ಗುರುತ್ವ ಭೂಮಿಯದರ ಶೇ 1ಕ್ಕಿಂತ ಸ್ವಲ್ಪ ಹೆಚ್ಚು. ಹಿಮ ಮತ್ತು ನೀರು ಸೇರಿ 60 ಕಿಲೋಮೀಟರ್ ದಪ್ಪವಿದೆ ಎಂದಿಟ್ಟುಕೊಂಡರೂ ತಳದಲ್ಲಿ ಒತ್ತಡ ಸುಮಾರು 70 ವಾಯುಭಾರ ಮಾತ್ರ, ಅಂದರೆ ನಮ್ಮ ಸಮುದ್ರದಲ್ಲಿ 700 ಮೀಟರ್ ಆಳಕ್ಕೆ ಇಳಿದಂತೆ. ಯುರೋಪಾದ ಗುರುತ್ವ ಭೂಮಿಯದರ ಶೇ 13ರಷ್ಟಿರುವುದರಿಂದ 100 ಕಿಲೋಮೀಟರ್ ಆಳದಲ್ಲಿ ಸುಮಾರು 1,300 ವಾಯುಭಾರವಾಗುತ್ತದೆ. ನಮ್ಮ ಮರಿಯಾನಾ ಕಂದಕದ ತಳದಲ್ಲಿಯೇ ಸುಮಾರು 1,100 ವಾಯುಭಾರದ ಒತ್ತಡವಿದ್ದು, ಅಲ್ಲಿ ಬ್ಯಾಕ್ಟೀರಿಯಾಗಳು ಸುಖವಾಗಿವೆ. ಒತ್ತಡವೊಂದೇ ಜೀವಕ್ಕೆ ಅಡ್ಡಿಯಾಗದು ಎಂಬುದನ್ನು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದೇ ತೋರಿಸಬಹುದು.

ಕಡಲಾಳದ ಜೀವಿಗಳನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಿದವರೂ ಇದ್ದಾರೆ. ಜಪಾನಿನ ಒಕಿನಾವಾ ಬಳಿಯ ಬಿಸಿನೀರಿನ ಬುಗ್ಗೆಯಿಂದ ದೊರೆತ ಮೆಥನೋಥರ್ಮೊಕಾಕಸ್ ಒಕಿನಾವೆನ್ಸಿಸ್ ಎಂಬ ಆರ್ಕಿಯಾವನ್ನು ಎನ್ಸೆಲಾಡಸ್‌ನಲ್ಲಿ ಇರಬಹುದಾದ ಅನಿಲಗಳ ಮಿಶ್ರಣ ಮತ್ತು ಒತ್ತಡದಲ್ಲಿ ಬೆಳೆಸಿ ನೋಡಿದಾಗ ಅದು ಮೀಥೇನ್ ಉತ್ಪಾದಿಸುತ್ತಲೇ ಇತ್ತೆಂದು 2018ರಲ್ಲಿ ವಿಯೆನ್ನಾದ ಸಂಶೋಧಕರು ವರದಿ ಮಾಡಿದರು.

ಇನ್ನು ಯುರೋಪಾದಲ್ಲಿ ಆಮ್ಲಜನಕದ ಕಥೆಗೇ ಬೇರೊಂದು ತಿರುವಿದೆ. ಗುರುಗ್ರಹದ ಸುತ್ತಲಿನ ತೀವ್ರ ವಿಕಿರಣವು ಯುರೋಪಾದ ಮೇಲ್ಮೈಯ ಹಿಮವನ್ನು ಒಡೆದು ಆಮ್ಲಜನಕವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಸೃಷ್ಟಿಸುತ್ತದೆ. ಗುರುಗ್ರಹದ ಅಧ್ಯಯನಕ್ಕೆ ಹೋದ ಜೂನೋ ನೌಕೆಯ 2022ರ ಅಳತೆಗಳಿಂದ, ಮೇಲ್ಮೈಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ ಆಮ್ಲಜನಕ ಉತ್ಪತ್ತಿಯಾಗುತ್ತಿದೆ ಎಂದು ಲೆಕ್ಕ ಹಾಕಲಾಗಿದೆ. ಇದು ಹಿಂದಿನ ಹಲವು ಅಂದಾಜುಗಳಿಗಿಂತ ಕಡಿಮೆ. ಇದರಲ್ಲಿ ಎಷ್ಟು ಭಾಗ ಹತ್ತಾರು ಕಿಲೋಮೀಟರ್ ದಪ್ಪದ ಹಿಮದ ಹೊದಿಕೆಯನ್ನು ದಾಟಿ ಸಾಗರ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಭೂಮಿಯಲ್ಲಿ ಸಸ್ಯಗಳು ಮಾಡುವ ಕೆಲಸವನ್ನು ಅಲ್ಲಿ ವಿಕಿರಣ ಮಾಡುತ್ತಿದೆ. ಸೂರ್ಯನ ಬೆಳಕಿಲ್ಲದೆಯೂ ಆಮ್ಲಜನಕ ದೊರೆಯುವ ದಾರಿಯೊಂದಿದೆ ಎಂದು ನಿಮ್ಮ ವಿದ್ಯಾರ್ಥಿನಿಗೆ ತಿಳಿಸಿ, ಅವಳಿಗೆ ಖುಷಿಯಾಗಬಹುದು.

---

ರಸಾಯನದ ವಿದ್ಯಾರ್ಥಿ

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೆ ‘ಜೀವ ಇರಲೇಬೇಕೇ’ ಎಂಬ ಪ್ರಶ್ನೆಗೆ ಇಲ್ಲಿಯವರೆಗಿನ ಉತ್ತರಗಳು ಅರ್ಧ ದಾರಿಗೆ ನಿಂತಿವೆ ಎಂದು ನನ್ನ ಅನಿಸಿಕೆ. ಒಂದು ಜಾಗದಲ್ಲಿ ಜೀವ ಬದುಕಿ ಉಳಿಯಬಲ್ಲುದು ಎನ್ನುವುದು ಬೇರೆ, ಅಲ್ಲಿಯೇ ಹುಟ್ಟಬಲ್ಲುದು ಎನ್ನುವುದು ಬೇರೆ. ಕಡಲಾಳದ ಸೂಕ್ಷ್ಮಜೀವಿಗಳು ನಮಗೆ ಖಚಿತವಾಗಿ ಕಲಿಸಿರುವುದು ಮೊದಲನೆಯದನ್ನು ಮಾತ್ರ. ಎಂಪೊನೆಂಗ್ ಗಣಿಯ ಬ್ಯಾಕ್ಟೀರಿಯಾ ಆ ಬಂಡೆಯಲ್ಲಿ ಹುಟ್ಟಿದ್ದಲ್ಲ. ಅದರ ಪೂರ್ವಜರು ಬೇರೆಡೆಯಿಂದ ಬಂದು, ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಗಳಿಸಿದ ಸಲಕರಣೆಗಳನ್ನೆಲ್ಲ ಹೊತ್ತುಕೊಂಡೇ ಒಳಹೊಕ್ಕವು. ಯುರೋಪಾಕ್ಕೆ ಹಾಗೆ ವಲಸೆ ಬರಲು ಪಕ್ಕದಲ್ಲಿ ಜೀವ ತುಂಬಿದ ಮೇಲ್ಮೈಯಿಲ್ಲ.

ಜೀವ ಬಿಸಿನೀರಿನ ಬುಗ್ಗೆಗಳಲ್ಲಿಯೇ ಹುಟ್ಟಿರಬಹುದೆಂಬ ವಾದಕ್ಕೆ ಗಟ್ಟಿ ಆಧಾರಗಳಿವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಬುಗ್ಗೆಗಳು ಪತ್ತೆಯಾದ ನಾಲ್ಕೇ ವರ್ಷಗಳಲ್ಲಿ, 1981ರಲ್ಲಿ, ಕಾರ್ಲಿಸ್, ಬ್ಯಾರೊಸ್ ಮತ್ತು ಹಾಫ್‌ಮನ್ ಈ ವಿಚಾರವನ್ನು ಮಂಡಿಸಿದರು. ಮೈಕೆಲ್ ರಸೆಲ್ ಅವರು ಕ್ಷಾರೀಯ ಬುಗ್ಗೆಗಳ ಕಲ್ಪನೆಯನ್ನು ಲಾಸ್ಟ್ ಸಿಟಿ ಸಿಗುವುದಕ್ಕೆ ಮುಂಚೆಯೇ ಮುಂದಿಟ್ಟಿದ್ದರು. ಕ್ಷಾರೀಯ ಬುಗ್ಗೆಯ ನೀರು ಮತ್ತು ಆದಿಕಾಲದ ಆಮ್ಲೀಯ ಸಾಗರದ ನಡುವೆ ತೆಳುವಾದ ಖನಿಜದ ಗೋಡೆಯಿದ್ದರೆ, ಎರಡೂ ಬದಿಗಳ ಪ್ರೋಟಾನ್ ಸಾಂದ್ರತೆಯಲ್ಲಿ ತಾನಾಗಿಯೇ ವ್ಯತ್ಯಾಸ ಏರ್ಪಡುತ್ತದೆ. ಇಂದಿಗೂ ನಮ್ಮ ದೇಹದ ಜೀವಕೋಶಗಳು ಶಕ್ತಿ ತಯಾರಿಸುವುದು ಪೊರೆಯ ಎರಡು ಬದಿಗಳ ಪ್ರೋಟಾನ್ ವ್ಯತ್ಯಾಸವನ್ನು ಬಳಸಿಯೇ. ಈ ಸಾಮ್ಯ ನನ್ನ ಮಟ್ಟಿಗೆ ಬಹಳ ಸುಂದರವಾದದ್ದು, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಆದರೆ ಎದುರು ಪಕ್ಷದ ಆಕ್ಷೇಪ ಕೂಡ ಅಷ್ಟೇ ಬಲವಾಗಿದೆ. ಅಮೈನೋ ಆಮ್ಲಗಳು ಒಂದಕ್ಕೊಂದು ಬೆಸೆದು ಪ್ರೋಟೀನ್ ಸರಪಳಿಯಾಗುವಾಗ, ನ್ಯೂಕ್ಲಿಯೋಟೈಡ್‌ಗಳು ಬೆಸೆದು ಆರ್‌ಎನ್‌ಎ ಆಗುವಾಗ, ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಬರಬೇಕು. ಸುತ್ತಲೂ ನೀರೇ ತುಂಬಿರುವಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆದು ಸರಪಳಿ ಕಳಚುವ ಒಲವೇ ಹೆಚ್ಚು. ಅದಕ್ಕಾಗಿಯೇ ಮತ್ತೊಂದು ಪಂಥದವರು, ಒಮ್ಮೆ ಒಣಗಿ ಒಮ್ಮೆ ನೆನೆಯುವ ನೆಲದ ಮೇಲಿನ ಬಿಸಿನೀರಿನ ಕೊಳಗಳಲ್ಲಿ ಜೀವ ಹುಟ್ಟಿತೆಂದು ವಾದಿಸುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾ ಪ್ರದೇಶದ ಸುಮಾರು 348 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಅಂಥ ನೆಲದ ಬುಗ್ಗೆಗಳ ಕುರುಹುಗಳನ್ನೂ ಅವುಗಳೊಂದಿಗೆ ಜೀವದ ಕುರುಹುಗಳನ್ನೂ ಗುರುತಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಈ ಪಂಥ ಸರಿಯಾದರೆ ಒಣನೆಲವೇ ಇಲ್ಲದ ಯುರೋಪಾ, ಎನ್ಸೆಲಾಡಸ್‌ಗಳು ಎಷ್ಟೇ ವಾಸಯೋಗ್ಯವಾಗಿದ್ದರೂ ಬರಿದಾಗಿಯೇ ಇರಬಹುದು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಎನ್ಸೆಲಾಡಸ್‌ನ ಚಿಲುಮೆಯಲ್ಲಿ ಅಷ್ಟೊಂದು ಹೈಡ್ರೋಜನ್ ಸಿಕ್ಕಿತೆಂದು ನಾವೆಲ್ಲ ಸಂಭ್ರಮಿಸುತ್ತೇವೆ. ಆದರೆ ನಮ್ಮ ಕಡಲತಳದಲ್ಲಿ ಹೈಡ್ರೋಜನ್ ಸಿಕ್ಕಿದೆಡೆಯಲ್ಲೆಲ್ಲ ಸೂಕ್ಷ್ಮಜೀವಿಗಳು ಮುಗಿಬಿದ್ದು ಅದನ್ನು ಬಳಸುತ್ತವೆ. ತಿನ್ನುವವರಿದ್ದ ಕಡೆ ಆಹಾರ ಇಷ್ಟೊಂದು ಉಳಿಯುವುದೇಕೆ? ಉತ್ಪಾದನೆ ಬಳಕೆಗಿಂತ ಹೆಚ್ಚಾಗಿರಬಹುದು, ಬೇರೆ ಯಾವುದೋ ಪೋಷಕಾಂಶದ ಕೊರತೆ ಇರಬಹುದು, ಅಥವಾ ಅಲ್ಲಿ ತಿನ್ನುವವರೇ ಇಲ್ಲದಿರಬಹುದು. ಒಂದೇ ಅಳತೆ ಎರಡೂ ಕಡೆಗೆ ಸಾಕ್ಷಿ ನುಡಿಯುತ್ತಿದೆ.

---

ವಿಜ್ಞಾನ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಬದುಕಬಲ್ಲುದು’ ಮತ್ತು ‘ಹುಟ್ಟಬಲ್ಲುದು’ ಎಂಬ ಎರಡು ಮಾತುಗಳನ್ನು ನಾನು ಇಷ್ಟು ವರ್ಷ ಒಂದರೊಳಗೊಂದು ಬೆರೆಸಿಬಿಟ್ಟಿದ್ದೆ ಎಂಬುದು ಈಗ ಸ್ಪಷ್ಟವಾಯಿತು. ಇನ್ನೊಂದು ಸಂದೇಹ: ಚಿಲುಮೆಯಲ್ಲಿ ಮೀಥೇನ್ ಇದೆ, ಇಂಗಾಲದ ಸಂಯುಕ್ತಗಳಿವೆ ಎನ್ನುತ್ತೀರಿ. ಇವೇ ಜೀವದ ಗುರುತುಗಳಲ್ಲವೇ? ಯಾವುದು ಸಿಕ್ಕರೆ ವಿಜ್ಞಾನಿಗಳು ‘ಹೌದು, ಇಲ್ಲಿ ಜೀವವಿದೆ’ ಎಂದು ಒಪ್ಪುತ್ತಾರೆ?

---

ಗ್ರಹವೀಕ್ಷಕ

ಮೀಥೇನ್ ಒಂದೇ ಸಾಲದು, ಏಕೆಂದರೆ ಕಲ್ಲು ಮತ್ತು ನೀರಿನ ವರ್ತನೆಯಿಂದಲೂ ಅದು ಹುಟ್ಟುತ್ತದೆ. ಎನ್ಸೆಲಾಡಸ್‌ನಲ್ಲಿ ಕಂಡ ಮೀಥೇನಿನ ಪ್ರಮಾಣವನ್ನು ನಮಗೆ ತಿಳಿದಿರುವ ಈ ಬಗೆಯ ಕ್ರಿಯೆ ಮಾತ್ರ ವಿವರಿಸಲಾರದು ಎಂಬ ಲೆಕ್ಕಾಚಾರ 2021ರಲ್ಲಿ ಪ್ರಕಟವಾಯಿತು. ಆದರೆ ಆ ಚಂದ್ರ ರೂಪುಗೊಂಡಾಗಲೇ ಒಳಗೆ ಸಿಕ್ಕಿಹಾಕಿಕೊಂಡ ಹಳೆಯ ಮೀಥೇನ್ ಈಗ ಹೊರಬರುತ್ತಿರುವ ಸಾಧ್ಯತೆಯನ್ನು ಅದು ತಳ್ಳಿಹಾಕುವುದಿಲ್ಲ.

ಅಮೈನೋ ಆಮ್ಲ ಸಿಕ್ಕಿದರೂ ಸಾಲದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲಗಳು ದೊರೆತಿವೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಇದ್ದವೆಂದು 2025ರಲ್ಲಿ ವರದಿಯಾಯಿತು. ನಮ್ಮ ಕಡಲಿನಲ್ಲೇ, ಲಾಸ್ಟ್ ಸಿಟಿ ಇರುವ ಬೆಟ್ಟದ ಶಿಲೆಯೊಳಗೆ, ಜೀವದ ನೆರವಿಲ್ಲದೆ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ರೂಪುಗೊಂಡಿರುವುದನ್ನು 2018ರಲ್ಲಿ ತೋರಿಸಲಾಗಿದೆ.

ಆದ್ದರಿಂದ ಹುಡುಕಬೇಕಾದದ್ದು ಅಣುವನ್ನಲ್ಲ, ಅಣುಗಳ ನಡುವಿನ ವಿನ್ಯಾಸವನ್ನು. ಜೀವ ಆಯ್ಕೆ ಮಾಡುತ್ತದೆ. ನಿರ್ಜೀವ ರಸಾಯನಕ್ಕೆ ಆ ಆಯ್ಕೆಯಿಲ್ಲ. ಅಮೈನೋ ಆಮ್ಲಗಳು ಎಡಗೈ ಮತ್ತು ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ರೂಪಗಳಲ್ಲಿ ಇರಬಲ್ಲವು. ಭೂಮಿಯ ಜೀವಿಗಳು ಪ್ರೋಟೀನುಗಳಲ್ಲಿ ಎಡ ರೂಪವನ್ನೇ ಬಳಸುತ್ತವೆ, ಬೆನ್ನುವಿನ ಮಣ್ಣಿನಲ್ಲಾದರೋ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಜೀವಕೋಶದ ಪೊರೆಯ ಕೊಬ್ಬಿನಾಮ್ಲಗಳಲ್ಲಿ ಇಂಗಾಲದ ಪರಮಾಣುಗಳ ಸಂಖ್ಯೆ ಹೆಚ್ಚಾಗಿ ಸಮಸಂಖ್ಯೆಯಾಗಿರುತ್ತದೆ, ಏಕೆಂದರೆ ಜೀವ ಅವನ್ನು ಎರಡೆರಡಾಗಿ ಜೋಡಿಸುತ್ತದೆ. ಇಂಗಾಲದ ಹಗುರ ಐಸೊಟೋಪನ್ನು, ಅಂದರೆ ತೂಕ ಕಡಿಮೆಯಿರುವ ಬಗೆಯ ಇಂಗಾಲದ ಪರಮಾಣುವನ್ನು, ಜೀವ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಇಂಥ ಹಲವು ಗುರುತುಗಳು ಒಂದೇ ಮಾದರಿಯಲ್ಲಿ ಒಟ್ಟಿಗೆ ಸಿಕ್ಕಿದಾಗ ಮಾತ್ರ ಒಪ್ಪಿಗೆಯ ಹತ್ತಿರ ಬರುತ್ತೇವೆ. ಯಾವುದೋ ಒಂದೇ ಗುರುತಿನ ಬಲದಿಂದ ‘ಜೀವ ಸಿಕ್ಕಿತು’ ಎಂಬ ತಲೆಬರಹ ಬಂದರೆ ನಿಮ್ಮ ವಿದ್ಯಾರ್ಥಿಗಳು ಅದನ್ನು ಅನುಮಾನಿಸುವಂತಾಗಲಿ.

2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವಿನ ಬಳಿ ತಲುಪಿ, ಯುರೋಪಾದ ಸಮೀಪದಿಂದ 49 ಬಾರಿ ಹಾದುಹೋಗಲಿದೆ. ಅದರ ಗುರಿ ಅಲ್ಲಿ ಜೀವಕ್ಕೆ ತಕ್ಕ ಪರಿಸ್ಥಿತಿ ಇದೆಯೇ ಎಂದು ತಿಳಿಯುವುದು, ಜೀವವನ್ನೇ ಪತ್ತೆಮಾಡುವುದಲ್ಲ. ಪಾಠದಲ್ಲಿ ಈ ಎರಡನ್ನು ಬೇರೆಬೇರೆಯಾಗಿಯೇ ಹೇಳಿ.

---

ಕಡಲಾಳ

ಗ್ರಹವೀಕ್ಷಕ ಅವರ ಮಾತಿಗೆ ಭೂಮಿಯ ಕಡೆಯಿಂದ ಒಂದು ಅನುಭವವನ್ನು ಸೇರಿಸುತ್ತೇನೆ. ಜೀವ ಖಂಡಿತ ಇರುವ ನಮ್ಮ ಗ್ರಹದಲ್ಲಿಯೇ, ಇದು ಸ್ಥಳೀಯ ಜೀವವೋ ನಾವೇ ಕೊಂಡೊಯ್ದದ್ದೋ ಎಂದು ತೀರ್ಮಾನಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಅಂಟಾರ್ಕ್ಟಿಕಾದ ಎರಡು ಸರೋವರಗಳು ಸಾಕ್ಷಿ. ಸುಮಾರು 3.7 ಕಿಲೋಮೀಟರ್ ಹಿಮದ ಕೆಳಗಿರುವ ವೋಸ್ಟಾಕ್ ಸರೋವರವನ್ನು ಕೊರೆತ 2012ರಲ್ಲಿ ಮುಟ್ಟಿತು. ಆದರೆ ರಂಧ್ರ ಮುಚ್ಚಿಕೊಳ್ಳದಂತೆ ಸೀಮೆಎಣ್ಣೆ ತುಂಬಿದ್ದರಿಂದ ಮಾದರಿಗಳಲ್ಲಿ ಕಂಡ ಸೂಕ್ಷ್ಮಜೀವಿಗಳ ಮೂಲದ ಬಗ್ಗೆ ಸಂಶಯ ಉಳಿಯಿತು. 2013ರಲ್ಲಿ ವಿಲ್ಲನ್ಸ್ ಸರೋವರಕ್ಕೆ ಇಳಿದವರು ಸೋಸಿ, ನೇರಳಾತೀತ ಕಿರಣಗಳಿಂದ ಶುದ್ಧೀಕರಿಸಿದ ಬಿಸಿನೀರಿನಿಂದಲೇ ಸುಮಾರು 800 ಮೀಟರ್ ಹಿಮವನ್ನು ಕೊರೆದರು; ಅಲ್ಲಿ ಸಿಕ್ಕ ಜೀವಕೋಶಗಳು ಸರೋವರದವೇ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪಿದರು. ಭೂಮಿಯ ಸೂಕ್ಷ್ಮಜೀವಿಗಳು ಯುರೋಪಾವನ್ನು ಸೇರಬಾರದೆಂದು ಗೆಲಿಲಿಯೋ ನೌಕೆಯನ್ನು 2003ರಲ್ಲಿ ಗುರುವಿನೊಳಕ್ಕೂ, ಎನ್ಸೆಲಾಡಸ್ ಮತ್ತು ಟೈಟಾನ್‌ಗಳನ್ನು ಕಾಪಾಡಲು ಕ್ಯಾಸಿನಿಯನ್ನು 2017ರಲ್ಲಿ ಶನಿಯೊಳಕ್ಕೂ ಬೀಳಿಸಿ ಉರಿಸಿದ್ದು ಈ ಕಾರಣಕ್ಕಾಗಿಯೇ.

---

ವಿಜ್ಞಾನ ಶಿಕ್ಷಕಿ

ಇಂದು ತರಗತಿಯಲ್ಲಿ ಎಲ್ಲವನ್ನೂ ತಿದ್ದಿ ಹೇಳಿದೆ. ಮಕ್ಕಳು ಪೂರ್ತಿ ನಲವತ್ತು ನಿಮಿಷ ಅಲ್ಲಾಡದೆ ಕೇಳಿದರು. ಒತ್ತಡದ ಲೆಕ್ಕವನ್ನು ಅವರೇ ಹಲಗೆಯ ಮೇಲೆ ಮಾಡಿದರು. ಅದೇ ವಿದ್ಯಾರ್ಥಿನಿ ಕೊನೆಯಲ್ಲಿ ಮತ್ತೊಂದು ಪ್ರಶ್ನೆ ಕೇಳಿದಳು, ಅದನ್ನು ಯಥಾವತ್ತಾಗಿ ಇಲ್ಲಿಡುತ್ತೇನೆ: ಸೂರ್ಯನ ಹಂಗಿಲ್ಲದ ಜೀವಿಗಳಿಗೆ ಬೆಳಕಿನ ಹಂಗೂ ಇಲ್ಲವೆಂದೇ ಅರ್ಥವೇ?

---

ಕಡಲಾಳ

ಅಲ್ಲ. 350 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ನೀರುಗುಳುವ ಬುಗ್ಗೆಗಳ ಬಾಯಿಯಿಂದ, ಮನುಷ್ಯರ ಕಣ್ಣಿಗೆ ಕಾಣದಷ್ಟು ಮಂದವಾದ ಒಂದು ಹೊಳಪು ಹೊಮ್ಮುತ್ತಿರುತ್ತದೆ. ಪೂರ್ವ ಪೆಸಿಫಿಕ್ ಏಣು ಎಂಬ ಕಡಲತಳದ ಬೆಟ್ಟಸಾಲಿನ ಮೇಲೆ ಸುಮಾರು 2,400 ಮೀಟರ್ ಆಳದ ಅಂಥ ಒಂದು ಬುಗ್ಗೆಯ ಬಳಿ ದೊರೆತ ಹಸಿರು ಗಂಧಕ ಬ್ಯಾಕ್ಟೀರಿಯಾವೊಂದರ ವರದಿ 2005ರಲ್ಲಿ ಪ್ರಕಟವಾಯಿತು. ಬೆಳಕಿಲ್ಲದೆ ಅದು ಬೆಳೆಯುವುದಿಲ್ಲ, ಆಮ್ಲಜನಕ ಅದಕ್ಕೆ ಬೇಡ, ಮತ್ತು ಸೂರ್ಯನ ಬೆಳಕು ಆ ಆಳಕ್ಕೆ ತಲುಪುವುದಿಲ್ಲ. ಬುಗ್ಗೆಯ ಹೊಳಪಿನಲ್ಲಿಯೇ ಅದು ದ್ಯುತಿಸಂಶ್ಲೇಷಣೆ ನಡೆಸುತ್ತಿದೆ ಎಂಬುದು ಅದನ್ನು ಕಂಡವರ ನಿಲುವು. ನಾಳೆ ತರಗತಿಯಲ್ಲಿ ಅವಳಿಗೆ ಇದನ್ನು ಹೇಳಿ, ಮೇಡಂ.